ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಲ್ಯಾಪ್‌ಟಾಪ್ ಓಡಿಸುವ ಕೊಡಗಿನವರು ಯಾರಿದ್ದೀರಿ?

ನಾಪೋಕ್ಲು_ಹುಡುಗಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ನಾಪೋಕ್ಲಿನಿಂದ ಕಕ್ಕಬ್ಬೆಗೆ ಹೋಗುವ ಕಡೆ, ರಸ್ತೆಯಿಂದ ಒಳಗೆ, ತೋಟದ ಮಧ್ಯೆ. ಕೆಲಸ ಬೆಂಗಳೂರಿನ ಕಂಪನಿಯದು. ಮಳೆಗಾಲ ಮುಗಿಯುವವರೆಗೆ ಮನೆಯಿಂದಲೇ ಮಾಡಿ ಅಂತ ಒಪ್ಪಿದ್ದಾರೆ. ಫೈಬರ್ ಇತ್ತು. ಮೊನ್ನೆಯ ಗಾಳಿಗೆ ಸಿಲ್ವರ್ ಮರ ಮುರಿದು ಕೇಬಲ್ ಮೇಲೆ ಬಿತ್ತು. ದೂರು ಕೊಟ್ಟರೆ "ನಾಳೆ ಹುಡುಗರು ಬರ್ತಾರೆ" ಅಂತಾರೆ. ಆ ನಾಳೆ ಇನ್ನೂ ಬಂದಿಲ್ಲ.

ಈಗ ಫೋನಿನ ಹಾಟ್‌ಸ್ಪಾಟೇ ಗತಿ. ಲ್ಯಾಪ್‌ಟಾಪಿನಲ್ಲಿ ವೈಫೈ ಫುಲ್ ತೋರಿಸುತ್ತೆ. ಆದರೂ ಮೀಟಿಂಗ್ ಮಧ್ಯೆ ನನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತೆ. ದಿನದ 2 ಜಿಬಿ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಖಾಲಿ. ಫೋನ್ ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾಯುತ್ತೆ. ಹೊಸ ಫೋನ್ ತಗೋಬೇಕಾ? ಸಿಮ್ ಬದಲಾಯಿಸಬೇಕಾ? ಗೊತ್ತಿರುವವರು ಹೇಳಿ ಪ್ಲೀಸ್.

ಗೋಣಿಕೊಪ್ಪ_ಬುಲೆಟ್
ಸಿಮ್ ಬದಲಾಯಿಸಿ. ಬೇರೆ ಮಾತೇ ಇಲ್ಲ.

ಅಮ್ಮತ್ತಿ_ಕರಿಮೆಣಸು
ಯಾವುದಕ್ಕೆ ಬದಲಾಯಿಸೋದು ಮಾರಾಯ್ರೆ? ಕೊಡಗಿನಲ್ಲಿ ಒಂದು ತಿರುವಿಗೆ ಒಂದು ಕಂಪನಿ ಸಿಗೋದು. ನಮ್ಮ ಗೇಟಿನ ಹತ್ತಿರ ಸಿಗುವ ಸಿಮ್ ಅಡುಗೆಮನೆಯಲ್ಲಿ ಸಿಗಲ್ಲ. ಅಡುಗೆಮನೆಯಲ್ಲಿ ಸಿಗೋದು ಕಣದಲ್ಲಿ ಸಿಗಲ್ಲ. ಊರವರು ಹೇಳಿದರು ಅಂತ ಪೋರ್ಟ್ ಮಾಡಿಸಿ ಒದ್ದಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಟವರ್_ಹತ್ತಿದವ
ತಂಗಿ, ಫೋನೂ ಬೇಡ, ಸಿಮ್ಮೂ ಬೇಡ. ಮೊದಲು ಫೋನ್ ಇಡುವ ಜಾಗ ಬದಲಾಯಿಸಿ. ಈ ಜಿಲ್ಲೆಯ ಟವರ್‌ಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ.

ಇಲ್ಲಿ ದಾರಿ ಎರಡು. ಲ್ಯಾಪ್‌ಟಾಪಿನಿಂದ ಫೋನಿಗೆ ಒಂದು. ಫೋನಿನಿಂದ ಟವರಿಗೆ ಇನ್ನೊಂದು. ಲ್ಯಾಪ್‌ಟಾಪಿನಲ್ಲಿ ಕಾಣುವ ಫುಲ್ ವೈಫೈ ಮೊದಲನೆಯ ದಾರಿಯದ್ದು ಮಾತ್ರ. ಫೋನ್ ಪಕ್ಕದಲ್ಲೇ ಇದ್ದರೆ ಅದು ಫುಲ್ ಇರಲೇಬೇಕು. ಟವರ್ ಸತ್ತು ಮಲಗಿದ್ದರೂ ಫುಲ್ಲೇ ಇರುತ್ತೆ.

ಫೋನಿನ ಮೇಲೆ ಬರುವ ಕಡ್ಡಿಗಳನ್ನೂ ಪೂರ್ತಿ ನಂಬಬೇಡಿ. ಒಂದೊಂದು ಕಂಪನಿ ಒಂದೊಂದು ಥರ ತೋರಿಸುತ್ತೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ನೋಡಿ. ಸಿಗ್ನಲ್ ಸ್ಟ್ರೆಂತ್ ಅಂತ ಒಂದು ಮೈನಸ್ ಸಂಖ್ಯೆ ಇರುತ್ತೆ, ಡಿಬಿಎಂ ಲೆಕ್ಕದಲ್ಲಿ. 4ಜಿಯಲ್ಲಿ -85, -90 ಇದ್ದರೆ ಆರಾಮ. -105 ದಾಟಿದರೆ ವಿಡಿಯೊ ತಡವರಿಸುತ್ತೆ. -115 ದಾಟಿದರೆ ವಾಟ್ಸಾಪ್ ಮೆಸೇಜ್ ಹೋದರೂ ಪುಣ್ಯ. ಹತ್ತು ಡಿಬಿ ವ್ಯತ್ಯಾಸ ಅಂದರೆ ಸಿಗ್ನಲ್‌ನಲ್ಲಿ ಹತ್ತು ಪಟ್ಟು ವ್ಯತ್ಯಾಸ. ಸಣ್ಣದಲ್ಲ.

ಫೋನ್ ಕಾಯೋದಕ್ಕೂ ಅರ್ಧ ಕಾರಣ ಇದೇ. ಟವರ್ ಸರಿಯಾಗಿ ಸಿಗದಿದ್ದರೆ ಫೋನ್ ಹೆಚ್ಚು ಶಕ್ತಿ ಹಾಕಿ ಕಳಿಸಬೇಕು. ಅದರ ಮೇಲೆ ವೈಫೈಯನ್ನೂ ಹಂಚಬೇಕು. ಜೊತೆಗೆ ಚಾರ್ಜಿಗೂ ಹಾಕಿಟ್ಟಿರುತ್ತೀರಿ.

ಫೋನ್ ಹಿಡಿದು ಮನೆಯೆಲ್ಲ ಒಂದು ಸುತ್ತು ಬನ್ನಿ. ಕೈಯಾಲೆ (ಮುಂದಿನ ಜಗಲಿ), ಮಹಡಿ, ಅಟ್ಟ, ಬಚ್ಚಲು, ಎಲ್ಲ ಕಡೆ. ಒಂದೊಂದು ಕಡೆ ಅರ್ಧ ನಿಮಿಷ ನಿಂತು ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಮಾತಾಡೋಣ.

ಮಂಜಿನ_ಮಡಿಕೇರಿ
👆 ಇದನ್ನು ಮೇಲೆ ಪಿನ್ ಮಾಡಿ ಯಾರಾದರೂ.

ಗೋಣಿಕೊಪ್ಪ_ಬುಲೆಟ್
ಅಟ್ಟದಲ್ಲಿ ಕೂತು ಮೀಟಿಂಗ್ ಮಾಡಬೇಕಾ ಹಾಗಾದರೆ? ಇಲಿಗಳ ಜೊತೆ?

ಟವರ್_ಹತ್ತಿದವ
ಅಟ್ಟಕ್ಕೆ ಹೋಗೋದು ಫೋನ್, ನೀವಲ್ಲ. ಹಾಟ್‌ಸ್ಪಾಟ್ ಇರೋದೇ ಅದಕ್ಕೆ. ಫೋನನ್ನು ಸಿಗ್ನಲ್ ಇರುವ ಕಡೆ ಇಟ್ಟು ನೀವು ಕಾಫಿ ಕುಡಿಯುತ್ತಾ ಕೆಳಗೆ ಕೂತುಕೊಳ್ಳಿ. ಎಲ್ಲರೂ ಮಾಡೋದು ಇದರ ಉಲ್ಟಾ. ಫೋನನ್ನು ಮೇಜಿನ ಮೇಲೆ, ಲ್ಯಾಪ್‌ಟಾಪಿಗೆ ಒರಗಿಸಿ ಇಡುತ್ತಾರೆ.

ಒಂದು ವಿಷಯ ಮಾತ್ರ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ 2.4 ಗಿಗಾಹರ್ಟ್ಸ್ ಇರಲಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ನಮ್ಮ ಹಳೇ ಮನೆಗಳ ಮಣ್ಣಿನ ಗೋಡೆ ದಾಟಿ ಬರಲ್ಲ. ಐಫೋನ್ ಆದರೆ, 12ರಿಂದ ಈಚಿನ ಮಾಡೆಲ್‌ಗಳಲ್ಲಿ, ಪರ್ಸನಲ್ ಹಾಟ್‌ಸ್ಪಾಟ್ ಒಳಗೆ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಅಂತ ಇರುತ್ತೆ. ಅದನ್ನು ಆನ್ ಮಾಡಿದರೆ 2.4ಕ್ಕೆ ಬರುತ್ತೆ.

ಕುಶಾಲನಗರ_ಕೇಬಲ್
ಎಲ್ಲರೂ ವೈಫೈ ವೈಫೈ ಅಂತೀರಲ್ಲ, ಯುಎಸ್‌ಬಿ ಟೆದರಿಂಗ್ ಯಾಕೆ ಯಾರೂ ಹೇಳ್ತಿಲ್ಲ? ಕೇಬಲ್ ಚುಚ್ಚಿ, ಟೆದರಿಂಗ್ ಆನ್ ಮಾಡಿ, ಮುಗೀತು. ವೈಫೈ ಹಂಚುವ ಕೆಲಸ ಫೋನಿಗೆ ಇಲ್ಲ. ಪಿಂಗ್, ಅಂದರೆ ಡೇಟಾ ಹೋಗಿ ವಾಪಸ್ ಬರಲು ಹಿಡಿಯುವ ಸಮಯ, ಸ್ಥಿರವಾಗಿರುತ್ತೆ. ಕರೆಂಟ್ ಹೋದರೆ ಲ್ಯಾಪ್‌ಟಾಪೇ ಫೋನಿಗೆ ಚಾರ್ಜ್ ಕೊಡುತ್ತೆ. ಅಂಗಡಿಯ ಬಿಲ್ಲಿಂಗ್ ಪೂರ್ತಿ ನಾನು ಇದರಲ್ಲೇ ಮಾಡೋದು.

ಶನಿವಾರಸಂತೆ_ಶಾಲೆ
ನನ್ನದರಲ್ಲಿ ಯುಎಸ್‌ಬಿ ಟೆದರಿಂಗ್ ಬಟನ್ ಬೂದು ಬಣ್ಣದಲ್ಲೇ ಇರುತ್ತೆ. ಒತ್ತಿದರೆ ಏನೂ ಆಗಲ್ಲ. ಚಾರ್ಜ್ ಮಾತ್ರ ಆಗುತ್ತೆ. ಫೋನ್ ಹಾಳಾಗಿದೆಯಾ?

ಕುಶಾಲನಗರ_ಕೇಬಲ್
ಫೋನ್ ಸರಿ ಇದೆ ಮೇಡಂ, ಕೇಬಲ್ ಸರಿ ಇಲ್ಲ. ಸಂತೆಯಲ್ಲಿ ಐವತ್ತು ರೂಪಾಯಿಗೆ ಸಿಗುವ ಕೇಬಲ್‌ಗಳು ಎಷ್ಟೋ ಬರೀ ಚಾರ್ಜಿಂಗ್‌ನವು. ಹಳೇ ಥರದ ಯುಎಸ್‌ಬಿ ಕೇಬಲ್ ಒಳಗೆ ನಾಲ್ಕು ತಂತಿ ಇರಬೇಕು, ಕರೆಂಟಿಗೆ ಎರಡು, ಡೇಟಾಗೆ ಎರಡು. ಇವರು ಡೇಟಾ ತಂತಿ ಹಾಕೋದೇ ಇಲ್ಲ. ಫೋನಿನ ಡಬ್ಬಿಯಲ್ಲಿ ಬಂದ ಕೇಬಲ್ ಹುಡುಕಿ ಹಾಕಿ. ಕೇಬಲ್ ಹಾಕಿದ ಮೇಲೆ ಫೋನಿನಲ್ಲಿ ಚಾರ್ಜಿಂಗ್ ಓನ್ಲಿ ಅಂತ ನೋಟಿಫಿಕೇಶನ್ ಬಂದರೆ ಅದನ್ನೂ ಒತ್ತಿ ನೋಡಿ.

ಶನಿವಾರಸಂತೆ_ಶಾಲೆ
ಬಂತು!! ಮಗನ ಕೇಬಲ್ ಹಾಕಿದೆ. ತುಂಬಾ ಥ್ಯಾಂಕ್ಸ್ ಸರ್.

ಮ್ಯಾಕ್_ಮೂರ್ನಾಡು
ಯುಎಸ್‌ಬಿ ಎಲ್ಲರಿಗೂ ಆಗಲ್ಲ. ಮ್ಯಾಕ್ ಲ್ಯಾಪ್‌ಟಾಪಿಗೆ ಆಂಡ್ರಾಯ್ಡ್ ಫೋನ್ ಚುಚ್ಚಿದರೆ ಎಷ್ಟೋ ಮಾಡೆಲ್‌ಗಳಲ್ಲಿ ಗುರುತೇ ಹಿಡಿಯಲ್ಲ. ಐಫೋನನ್ನು ವಿಂಡೋಸ್‌ಗೆ ಚುಚ್ಚುವುದಾದರೆ ಆಪಲ್‌ನ ಡ್ರೈವರ್ ಬೇಕು, ಐಟ್ಯೂನ್ಸ್ ಹಾಕಿದರೆ ಜೊತೆಗೇ ಬರುತ್ತೆ.

ಪೆಂಗ್ವಿನ್_ಪೊನ್ನಂಪೇಟೆ
ಲಿನಕ್ಸ್‌ನಲ್ಲಿ ಚುಚ್ಚಿದರೆ ಸಾಕು, ತಾನಾಗಿ ಬರುತ್ತೆ. ಡ್ರೈವರೂ ಇಲ್ಲ, ಐಟ್ಯೂನ್ಸೂ ಇಲ್ಲ. ಹಾಗೇ ಸುಮ್ನೆ ಹೇಳಿದೆ.

ಗೋಣಿಕೊಪ್ಪ_ಬುಲೆಟ್
ಬಂದರಪ್ಪ ಲಿನಕ್ಸ್‌ನವರು. ಕೇಳಿದವರು ಯಾರು?

ನಾಪೋಕ್ಲು_ಹುಡುಗಿ
ಅಣ್ಣಾ, ಸುತ್ತು ಹಾಕಿ ಬಂದೆ. ನಾನು ಕೆಲಸ ಮಾಡುವ ಕೋಣೆಯಲ್ಲಿ -114. ಅಡುಗೆಮನೆ -110. ಕೈಯಾಲೆಯಲ್ಲಿ -104. ಅಟ್ಟದ ಕಿಟಕಿಯಲ್ಲಿ, ನಾಪೋಕ್ಲು ಪೇಟೆಯ ಕಡೆ ಮುಖ ಮಾಡಿದ್ದು, -96! ಒಂದೇ ಮನೆಯಲ್ಲಿ ಇಷ್ಟು ವ್ಯತ್ಯಾಸ ಇರುತ್ತಾ? ಕೋಣೆಯ ಮೇಲೆ ಹೋದ ವರ್ಷ ಸೋರುತ್ತೆ ಅಂತ ಅಪ್ಪ ಶೀಟ್ ಹಾಕಿಸಿದ್ದರು. ಅದಕ್ಕಾ?

ಟವರ್_ಹತ್ತಿದವ
ಶೀಟೇ. ಲೋಹದ ಶೀಟ್ ರೇಡಿಯೊ ಸಿಗ್ನಲನ್ನು ಒಳಗೆ ಬಿಡಲ್ಲ, ವಾಪಸ್ ಕಳಿಸುತ್ತೆ. ಹೆಂಚಿನ ಮನೆಗೆ ಆ ತೊಂದರೆ ಕಡಿಮೆ. ಅಟ್ಟದ ಕಿಟಕಿಯಲ್ಲೇ ಇಡಿ. ಕಿಟಕಿಗೂ ಕಬ್ಬಿಣದ ಜಾಲರಿ ಇದ್ದರೆ ಅದರಿಂದ ಸ್ವಲ್ಪ ದೂರ. ಇರಚಲು ನೀರು ಬೀಳದ ಹಾಗೆ ನೋಡಿಕೊಳ್ಳಿ. ಫೋನಿನ ಕವರ್ ತೆಗೆಯಿರಿ, ಶಾಖ ಹೋಗಲಿ.

ಡೇಟಾ_ದೇವಣಗೇರಿ
2 ಜಿಬಿ ವಿಷಯ ಯಾರೂ ಮುಟ್ಟಲಿಲ್ಲ. ನಾನು ಹೇಳ್ತೇನೆ. ಲ್ಯಾಪ್‌ಟಾಪಿಗೆ ಇದು ಮೊಬೈಲ್ ಡೇಟಾ ಅಂತ ಗೊತ್ತಿಲ್ಲ. ಅದಕ್ಕೆ ಎಲ್ಲ ವೈಫೈಯೂ ಒಂದೇ. ಅದಕ್ಕೇ ಅಪ್‌ಡೇಟ್ ಇಳಿಸುತ್ತೆ, ಫೋಟೊ ಬ್ಯಾಕಪ್ ಮಾಡುತ್ತೆ, ಒನ್‌ಡ್ರೈವ್ ಸಿಂಕ್ ಮಾಡುತ್ತೆ. ವಿಂಡೋಸ್‌ನಲ್ಲಿ ಆ ವೈಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ಮ್ಯಾಕ್‌ನಲ್ಲಿ ಲೋ ಡೇಟಾ ಮೋಡ್. ಇಷ್ಟು ಮಾಡಿದರೆ ಅರ್ಧ ಸೋರಿಕೆ ನಿಲ್ಲುತ್ತೆ.

ಮೀಟಿಂಗ್‌ನಲ್ಲಿ ವಿಡಿಯೊ ಹಾಕಿದರೆ ಗಂಟೆಗೆ ಸುಮಾರು 1 ಜಿಬಿ ಹೋಗುತ್ತೆ. ಎಚ್‌ಡಿ ಆದರೆ ಇನ್ನೂ ಜಾಸ್ತಿ. ಬರೀ ಧ್ವನಿ ಆದರೆ 100 ಎಂಬಿಯೂ ಬೇಡ. ನಿಮ್ಮ ಮುಖ ಮಾತ್ರ ಆಫ್ ಮಾಡಿದರೆ ಸಾಲದು, ಬರುವ ವಿಡಿಯೊಗಳನ್ನೂ ಆಫ್ ಮಾಡಿ. ಹತ್ತು ಜನರ ಮುಖ ಇಳಿಯೋದು ನಿಮ್ಮ ಡೇಟಾದಲ್ಲೇ ಅಲ್ವಾ? ಮಿತಿ ದಾಟಿದ ಮೇಲೆ ಸಿಗುವ 64 ಕೆಬಿಪಿಎಸ್‌ನಲ್ಲಿ ಮೇಲ್ ತೆರೆಯೋದೂ ಕಷ್ಟ.

ವಿರಾಜಪೇಟೆ_ವಕೀಲ
64 ಕೆಬಿಪಿಎಸ್ ಕಷ್ಟ ಅಂತೆ! ನಾವು ನೋಕಿಯಾ ಫೋನಿಗೆ ಡೇಟಾ ಕೇಬಲ್ ಹಾಕಿ, ಪಿಸಿ ಸೂಟ್ ತೆರೆದು, *99# ಡಯಲ್ ಮಾಡಿ ನೆಟ್ ನೋಡಿದವರು. ಜಿಪಿಆರ್‌ಎಸ್‌ನಲ್ಲಿ ಒಂದು ಫೋಟೊ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಇಳಿಯುವಷ್ಟರಲ್ಲಿ ಎರಡು ರೌಂಡ್ ಕಾಫಿ ಆಗುತ್ತಿತ್ತು. ಫೋನನ್ನು ಮೋಡೆಮ್ ಮಾಡೋದು ಹೊಸದೇನಲ್ಲ ಮಕ್ಕಳೇ. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಬಂದದ್ದೇ 2010ರಲ್ಲಿ, 2.2 ಆವೃತ್ತಿಯಿಂದ. ಅದಕ್ಕೆ ಎಷ್ಟೋ ಮೊದಲೇ ನಾವು ಇದನ್ನೆಲ್ಲ ಮುಗಿಸಿದ್ದೆವು.

ಅಮ್ಮತ್ತಿ_ಕರಿಮೆಣಸು
ವಕೀಲರೇ, ಆಗ ಬಿಲ್ ಎಂಬಿ ಲೆಕ್ಕದಲ್ಲಿ ಬರುತ್ತಿತ್ತು, ಅದನ್ನೂ ಹೇಳಿ. ನಮ್ಮ ಅಪ್ಪ ಆ ಬಿಲ್ ನೋಡಿ ಕೋವಿ ಹುಡುಕಿದ್ದರು.

ವಿರಾಜಪೇಟೆ_ವಕೀಲ
😂 ಕೈಲ್‌ಪೊಳ್ದಿಗೆ ಪೂಜೆಗೆ ಇಡಬೇಕಾದ ಕೋವಿ ಅದು.

ಕುಟ್ಟ_ಬಾರ್ಡರ್
ಇಲ್ಲಿ ಬೇರೆಯದೇ ಕಥೆ. ಮನೆಯ ಒಂದು ಬದಿಯಲ್ಲಿ ಕರ್ನಾಟಕದ ಟವರ್, ಇನ್ನೊಂದು ಬದಿಯಲ್ಲಿ ಕೇರಳದ ಟವರ್. ಫೋನ್ ಅದು ಇದು ಅಂತ ಹಾರಾಡುತ್ತಾ ಇರುತ್ತೆ. ಹಾರಿದಾಗಲೆಲ್ಲ ನೆಟ್ ಒಂದು ಕ್ಷಣ ನಿಲ್ಲುತ್ತೆ, ಆಫೀಸಿನ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ಖಾಸಗಿ ದಾರಿ) ಬಿದ್ದುಹೋಗುತ್ತೆ. ಇದಕ್ಕೇನಾದರೂ ಮದ್ದು ಇದೆಯಾ?

ಟವರ್_ಹತ್ತಿದವ
ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಆಟೋಮ್ಯಾಟಿಕ್ ತೆಗೆದು ನೆಟ್‌ವರ್ಕನ್ನು ಕೈಯಿಂದ ಆರಿಸಿ. ಪಟ್ಟಿಯಲ್ಲಿ ಎರಡೂ ಬಂದರೆ, ಗಟ್ಟಿಯಾಗಿ ಸಿಗುವುದನ್ನು ಹಿಡಿಸಿ ಬಿಡಿ. ಪೇಟೆಗೆ ಹೋಗುವಾಗ ಮತ್ತೆ ಆಟೋಮ್ಯಾಟಿಕ್ ಮಾಡಲು ಮರೆಯಬೇಡಿ.

5ಜಿ ಅಂಚಿನಲ್ಲಿ ಇರುವವರಿಗೂ ಇದೇ ಕಾಟ. 5ಜಿ ಸಿಗುತ್ತೆ, ಹೋಗುತ್ತೆ, ಸಿಗುತ್ತೆ. ಅಂಥವರು 4ಜಿಗೆ ಕಟ್ಟಿಹಾಕಿ. ವೇಗ ಕಡಿಮೆಯಾದರೂ ಮೀಟಿಂಗ್ ಬೀಳಲ್ಲ. ಮೀಟಿಂಗಿಗೆ ಬೇಕಾದದ್ದು ವೇಗ ಅಲ್ಲ, ಸ್ಥಿರತೆ. ಸ್ಪೀಡ್ ಟೆಸ್ಟ್‌ನಲ್ಲಿ 40 ಬಂತು ಅಂತ ಹಿಗ್ಗುವವರು ಪಿಂಗ್ ಎಷ್ಟಿದೆ, ಅದು ಎಷ್ಟು ಕುಣಿಯುತ್ತೆ ಅಂತ ನೋಡೋದೇ ಇಲ್ಲ.

ಸುಂಟಿಕೊಪ್ಪ_ಎಸ್ಟೇಟ್
ಇಷ್ಟೆಲ್ಲ ಯಾಕೆ? ಆನ್‌ಲೈನ್‌ನಲ್ಲಿ ಸಿಗ್ನಲ್ ಬೂಸ್ಟರ್ ಸಿಗುತ್ತೆ. ಹೊರಗೆ ಒಂದು ಆಂಟೆನಾ, ಒಳಗೆ ಒಂದು ಪೆಟ್ಟಿಗೆ. ನಮ್ಮ ಕಡೆ ಹೋಮ್‌ಸ್ಟೇಗಳಲ್ಲಿ ಹಾಕಿಸಿದ್ದಾರೆ. ಫುಲ್ ಸಿಗ್ನಲ್.

ಟವರ್_ಹತ್ತಿದವ
ದಯವಿಟ್ಟು ಬೇಡ. ಲೈಸೆನ್ಸ್ ಇಲ್ಲದೆ ಬೂಸ್ಟರ್ ಇಡುವುದು ಕಾನೂನು ಪ್ರಕಾರ ಅಪರಾಧ. ರೇಡಿಯೊ ಉಪಕರಣ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು ಅನ್ನೋದು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದ ಇದೆ. ಆನ್‌ಲೈನ್‌ನಲ್ಲಿ ಮಾರುತ್ತಾರೆ ಅಂದ ಮಾತ್ರಕ್ಕೆ ಸರಿ ಆಗಲ್ಲ. ನಿಮ್ಮ ಪೆಟ್ಟಿಗೆ ಗದ್ದಲ ಎಬ್ಬಿಸಿದರೆ ಟವರಿಗೆ ಆ ಸುತ್ತಿನ ಬೇರೆ ಫೋನ್‌ಗಳು ಸರಿಯಾಗಿ ಕೇಳಿಸಲ್ಲ. ನಿಮಗೆ ಫುಲ್, ಊರಿಗೆ ನಿಲ್.

ಸುಂಟಿಕೊಪ್ಪ_ಎಸ್ಟೇಟ್
ಟವರ್ ಹಾಕಿ ಅಂತ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಅವರು ಹಾಕಲ್ಲ, ನಾವು ಹಾಕಿಕೊಂಡರೆ ಅಪರಾಧ. ಚೆನ್ನಾಗಿದೆ ನ್ಯಾಯ.

ವಿರಾಜಪೇಟೆ_ವಕೀಲ
ಬೇಸರ ಸರಿ, ಬೂಸ್ಟರ್ ತಪ್ಪು. ಪೆಟ್ಟಿಗೆ ಜಪ್ತಿ ಆಗುತ್ತೆ, ದಂಡವೂ ಬೀಳಬಹುದು. ಅದರ ಬದಲು ಸಿಮ್ ಹಾಕುವ 4ಜಿ ರೂಟರ್ ತಗೊಳ್ಳಿ, ಹೊರಗೆ ಆಂಟೆನಾ ಜೋಡಿಸುವ ತೂತು ಇರುವಂಥದ್ದು. ಅದು ಸಿಗ್ನಲನ್ನು ದೊಡ್ಡದು ಮಾಡಿ ಮತ್ತೆ ಹೊರಗೆ ಬಿಡಲ್ಲ. ತನಗೆ ಬೇಕಾದದ್ದನ್ನು ಮಾತ್ರ ಹಿಡಿಯುತ್ತೆ. ಬೂಸ್ಟರ್ ಬೇರೆ, ಇದು ಬೇರೆ.

ಗಾಳಿಬೀಡು_ಗಾಳಿ
ಏನೇ ಇಡಿ, ಮಳೆ ಬಂದರೆ ಸಿಗ್ನಲ್ ಹೋಗೇ ಹೋಗುತ್ತೆ. ಮಳೆ ನೀರು ಸಿಗ್ನಲನ್ನು ಕುಡಿದುಬಿಡುತ್ತೆ.

ಟವರ್_ಹತ್ತಿದವ
ಇದನ್ನು ಎಲ್ಲರೂ ಹೇಳ್ತಾರೆ. 4ಜಿ ಮೊಬೈಲ್ ಸಿಗ್ನಲ್ 700ರಿಂದ 2500 ಮೆಗಾಹರ್ಟ್ಸ್ ಆಸುಪಾಸಿನದು. ಅದಕ್ಕೆ ಮಳೆ ಹನಿಯಿಂದ ಆಗುವ ನಷ್ಟ ಲೆಕ್ಕಕ್ಕೇ ಇಲ್ಲ. ಮಳೆಗೆ ಹೆದರೋದು 10 ಗಿಗಾಹರ್ಟ್ಸ್‌ಗಿಂತ ಮೇಲಿನದ್ದು. ಬೆಟ್ಟದ ಮೇಲಿನ ಎಷ್ಟೋ ಟವರ್‌ಗಳಿಗೆ ಫೈಬರ್ ಇಲ್ಲ. ಒಂದು ಟವರಿನಿಂದ ಇನ್ನೊಂದಕ್ಕೆ ದುಂಡನೆಯ ಮೈಕ್ರೋವೇವ್ ಡಿಶ್ ಮೂಲಕ ಡೇಟಾ ಹೋಗುತ್ತೆ. ಆ ಕೊಂಡಿಗೆ ಜೋರು ಮಳೆ ತಾಗುತ್ತೆ. ಆಗ ನಿಮ್ಮ ಫೋನಿನಲ್ಲಿ ಸಿಗ್ನಲ್ ಫುಲ್ ಇದ್ದು ನೆಟ್ ಮಾತ್ರ ಓಡಲ್ಲ.

ಫೈಬರ್ ಇರುವ ಕಡೆ ಮರ ಬಿದ್ದು ತುಂಡಾಗುತ್ತೆ. ಎಲ್ಲಕ್ಕಿಂತ ದೊಡ್ಡದು ಕರೆಂಟ್. ಕರೆಂಟ್ ಹೋದ ಮೇಲೆ ಟವರ್ ನಡೆಯೋದು ಬ್ಯಾಟರಿಯಲ್ಲಿ, ಆಮೇಲೆ ಡೀಸೆಲ್ ಜನರೇಟರ್‌ನಲ್ಲಿ. ರಸ್ತೆ ಮೇಲೆ ಮಣ್ಣು ಕುಸಿದರೆ ಡೀಸೆಲ್ ಹೇಗೆ ಹೋಗುತ್ತೆ? 2018ರ ಆಗಸ್ಟ್‌ನಲ್ಲಿ ಎಷ್ಟೋ ಕಡೆ ಆದದ್ದು ಅದೇ. ರಸ್ತೆಯೂ ಇಲ್ಲ, ಕರೆಂಟೂ ಇಲ್ಲ.

ಗಾಳಿಬೀಡು_ಗಾಳಿ
ಸರಿ ಸ್ವಾಮಿ. ಆದರೆ ಒದ್ದೆ ಎಲೆ? ತೋಟದ ಮರಗಳು ಮಳೆಗಾಲದಲ್ಲಿ ಬೇರೆ ಥರ ಇರುತ್ತವೆ ಅಲ್ವಾ?

ಟವರ್_ಹತ್ತಿದವ
ಅದು ನಿಜ. ಎಲೆ ತುಂಬಿ ಒದ್ದೆಯಾದ ಮರ ಒಣ ಮರಕ್ಕಿಂತ ಜಾಸ್ತಿ ತಡೆಯುತ್ತೆ. ಅದಕ್ಕೇ ನೆರಳು ಕಪಾತು ಮಾಡಿಸಿದ (ನೆರಳಿನ ಮರಗಳ ಕೊಂಬೆ ಕಡಿಸಿದ) ಮೇಲೆ ಕೆಲವು ಮನೆಗಳಲ್ಲಿ ಸಿಗ್ನಲ್ ಏರೋದು.

ಅಮ್ಮತ್ತಿ_ಕರಿಮೆಣಸು
ಮರಗಸಿ ಕೂಲಿ ಎಷ್ಟಾಗಿದೆ ಗೊತ್ತಾ? ಸಿಗ್ನಲಿಗೋಸ್ಕರ ಕಪಾತು ಮಾಡಿಸಿದರೆ ಹೊಸ ಫೈಬರೇ ಎಳೆಸಬಹುದು.

ಮಂಜಿನ_ಮಡಿಕೇರಿ
ಕೂಲಿ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ. ಅದು ಹೊತ್ತಿಕೊಂಡರೆ ಆರಲ್ಲ.

ಶನಿವಾರಸಂತೆ_ಶಾಲೆ
ಮರ ಅಂದಾಗ ನೆನಪಾಯಿತು. 2021ರಲ್ಲಿ ನಮ್ಮ ಹತ್ತಿರದ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರು ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಆನ್‌ಲೈನ್ ಪಾಠ ಮಾಡಿದ್ದರು. ಪೇಪರ್‌ನಲ್ಲೆಲ್ಲ ಬಂದಿತ್ತು. ಎಲ್ಲರೂ ಹೊಗಳಿದರು. ಹೊಗಳೋದು ಸರಿ, ಮೇಷ್ಟ್ರು ಮರ ಹತ್ತಬೇಕಾಗಿ ಬಂದದ್ದು ಯಾಕೆ ಅಂತಲೂ ಕೇಳಬೇಕಿತ್ತು.

ಸುಂಟಿಕೊಪ್ಪ_ಎಸ್ಟೇಟ್
ಅದನ್ನೇ ನಾನೂ ಹೇಳಿದ್ದು.

ನಾಪೋಕ್ಲು_ಹುಡುಗಿ
ಇವತ್ತಿನ ವರದಿ. ಫೋನ್ ಅಟ್ಟದ ಕಿಟಕಿಯಲ್ಲಿ, 2.4ಕ್ಕೆ ಹಾಕಿ, ಮೀಟರ್ಡ್ ಆನ್ ಮಾಡಿ ಇಟ್ಟೆ. ಬೆಳಗಿನ ಮೀಟಿಂಗ್ ಒಂದು ಸಲವೂ ನಿಲ್ಲಲಿಲ್ಲ. ಸಂಜೆ ನೋಡಿದರೆ ಡೇಟಾ ಇನ್ನೂ ಉಳಿದಿತ್ತು. ಆದರೆ ಹೊಸ ತಲೆನೋವು. ಮೂರು ಗಂಟೆಗೆ ಅತ್ತೆ ಇನ್ನೊಂದು ಸಿಮ್‌ಗೆ ಫೋನ್ ಮಾಡಿದರು. ರಿಂಗ್ ಆಗೋದು ಅಟ್ಟದಲ್ಲಿ. ಓಡಿ ಹೋಗಿ ಎತ್ತಿದರೆ ಇತ್ತ ನೆಟ್ ಕಟ್!

ಡೇಟಾ_ದೇವಣಗೇರಿ
ಎರಡು ಸಿಮ್‌ನ ಎಷ್ಟೋ ಫೋನ್‌ಗಳಲ್ಲಿ ಹಾಗೇ. ಒಂದರಲ್ಲಿ ಮಾತಾಡುವಾಗ ಇನ್ನೊಂದರ ಡೇಟಾ ನಿಲ್ಲುತ್ತೆ. ಡೇಟಾ ಇರುವ ಸಿಮ್‌ಗೇ ಕರೆ ಬಂದರೆ, ವೋಲ್ಟಿ (4ಜಿ ಮೇಲೇ ಕರೆ ಹೋಗುವ ವ್ಯವಸ್ಥೆ) ಆನ್ ಇದ್ದರೆ, ಎರಡೂ ನಡೆಯುತ್ತೆ. ಆಫೀಸ್ ಹೊತ್ತಿನಲ್ಲಿ ಎರಡನೇ ಸಿಮ್‌ನಿಂದ ಮೊದಲನೆಯದಕ್ಕೆ ಕಾಲ್ ಫಾರ್ವರ್ಡ್ ಹಾಕಿ. ಇಲ್ಲವಾದರೆ ಮನೆಯಲ್ಲಿ ಹಳೇ 4ಜಿ ಫೋನ್ ಬಿದ್ದಿದ್ದರೆ ಡೇಟಾ ಸಿಮ್ ಅದಕ್ಕೆ ಹಾಕಿ ಅಟ್ಟದಲ್ಲೇ ಬಿಡಿ. ಕೈಯ ಫೋನ್ ಕೈಯಲ್ಲಿರಲಿ.

ಕುಶಾಲನಗರ_ಕೇಬಲ್
ಹಳೇ ಫೋನ್ ಇಡುವವರು ಬ್ಯಾಟರಿ ಉಬ್ಬಿದೆಯಾ ಅಂತ ಆಗಾಗ ನೋಡಿ. ಹಗಲು ರಾತ್ರಿ ಚಾರ್ಜರ್‌ನಲ್ಲೇ ಇದ್ದರೆ ಉಬ್ಬುತ್ತೆ. 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ರಾತ್ರಿ ಪ್ಲಗ್ ಕಿತ್ತಿಡಿ. ಒಣ ಸೌದೆ ತುಂಬಿದ ಅಟ್ಟ ಆದರೆ ಇನ್ನೂ ಹುಷಾರು.

ಕಕ್ಕಬ್ಬೆ_ಹೋಮ್‌ಸ್ಟೇ
ನಾಪೋಕ್ಲು ಅವರೇ, ನಾವು ನಿಮ್ಮ ಪಕ್ಕದವರೇ. ನಮ್ಮಲ್ಲಿ ತಡಿಯಂಡಮೋಳ್ ಹತ್ತಲು ಬರುವ ಗೆಸ್ಟ್‌ಗಳು ಬ್ಯಾಗ್ ಇಳಿಸುವ ಮೊದಲೇ ವೈಫೈ ಪಾಸ್‌ವರ್ಡ್ ಕೇಳ್ತಾರೆ. ಫೈಬರ್ ಹೋದಾಗ ನನ್ನ ಹಾಟ್‌ಸ್ಪಾಟ್ ಕೊಡ್ತೇನೆ. ಅದರಿಂದ ಏನಾದರೂ ತೊಂದರೆ ಉಂಟಾ?

ವಿರಾಜಪೇಟೆ_ವಕೀಲ
ಉಂಟು. ಅವರು ನೆಟ್‌ನಲ್ಲಿ ಏನು ಮಾಡಿದರೂ ಹೊರಗೆ ಕಾಣೋದು ನಿಮ್ಮ ಸಿಮ್‌ನ ಹೆಸರಿನಲ್ಲಿ. ನಾಳೆ ಪೊಲೀಸರು ಬಂದು ಕೇಳಿದರೆ ಉತ್ತರ ಕೊಡಬೇಕಾದವರು ನೀವು. ಕೊಡಲೇಬೇಕು ಅಂದರೆ ಅವರು ಹೋದ ದಿನವೇ ಪಾಸ್‌ವರ್ಡ್ ಬದಲಾಯಿಸಿ. ಯಾರಿಗೆ ಯಾವತ್ತು ಕೊಟ್ಟಿರಿ ಅಂತ ರಿಜಿಸ್ಟರ್‌ನಲ್ಲಿ ಬರೆದಿಡಿ.

ಗೋಣಿಕೊಪ್ಪ_ಬುಲೆಟ್
ನೆಟ್ ಇಲ್ಲ ಅಂತ ಹೇಳಿ, "ಡಿಜಿಟಲ್ ಉಪವಾಸ" ಅಂತ ಬೋರ್ಡ್ ಹಾಕಿ ಸಾವಿರ ರೂಪಾಯಿ ಜಾಸ್ತಿ ತಗೊಳ್ಳಿ.

ಕಕ್ಕಬ್ಬೆ_ಹೋಮ್‌ಸ್ಟೇ
ಈ ಐಡಿಯಾಗೆ ನಿಮಗೆ ಒಂದು ಪ್ಲೇಟ್ ಕಡಂಬುಟ್ಟು ಫ್ರೀ 😄

ಸಿದ್ದಾಪುರ_ಸಿಸಿಟಿವಿ
ಹಾಟ್‌ಸ್ಪಾಟ್ ವಿಷಯವೇ ಆದ್ದರಿಂದ ಇಲ್ಲೇ ಕೇಳ್ತೇನೆ. ಕಣದಲ್ಲಿ ಕಾಫಿ ಒಣಗಲು ಹಾಕಿದಾಗ ಕಾವಲಿಗೆ ಕ್ಯಾಮೆರಾ ಇಟ್ಟಿದ್ದೆ, ಜೊತೆಗೆ ಹಳೇ ಡಿವಿಆರ್ (ವಿಡಿಯೊ ರೆಕಾರ್ಡ್ ಮಾಡುವ ಪೆಟ್ಟಿಗೆ). ಫೈಬರ್‌ನಲ್ಲಿ ಐಪಿ ನಂಬರ್ ಹಾಕಿ ಮೈಸೂರಿನಿಂದ ನೋಡುತ್ತಿದ್ದೆ. ಈಗ ಸಿಮ್ ರೂಟರ್‌ಗೆ ಹಾಕಿದರೆ ಹೊರಗಿನಿಂದ ತೆರೆಯೋದೇ ಇಲ್ಲ.

ಪೆಂಗ್ವಿನ್_ಪೊನ್ನಂಪೇಟೆ
ಮೊಬೈಲ್ ನೆಟ್‌ನಲ್ಲಿ ಒಂದೇ ಐಪಿವಿ4 ವಿಳಾಸವನ್ನು ಕಂಪನಿ ತುಂಬಾ ಜನರಿಗೆ ಹಂಚುತ್ತೆ. ಹೊರಗಿನಿಂದ ಬಂದವನಿಗೆ ಅದರಲ್ಲಿ ನಿಮ್ಮ ಮನೆ ಯಾವುದು ಅಂತ ಗೊತ್ತಾಗಲ್ಲ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನವರಿಗೆ ಒಳದಾರಿ ತೆರೆದಿಡುವುದು) ಎಷ್ಟು ಮಾಡಿದರೂ ಪ್ರಯೋಜನ ಇಲ್ಲ. ಡಿವಿಆರ್‌ನಲ್ಲಿ ಪಿ2ಪಿ ಅಥವಾ ಕ್ಲೌಡ್ ಅಂತ ಇದ್ದರೆ ಆನ್ ಮಾಡಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಆಪ್‌ನಲ್ಲಿ ನೋಡಿ. ಅದು ಒಳಗಿನಿಂದ ಹೊರಗೆ ಹೋಗಿ ಸೇರಿಕೊಳ್ಳುತ್ತೆ, ಹಾಗಾಗಿ ನಡೆಯುತ್ತೆ.

ಗೋಣಿಕೊಪ್ಪ_ಬುಲೆಟ್
ಲಿನಕ್ಸ್‌ನವರು ಈ ಸಲ ಕೇಳಿದ್ದಕ್ಕೇ ಉತ್ತರ ಕೊಟ್ಟರು!

ಸಿದ್ದಾಪುರ_ಸಿಸಿಟಿವಿ
ಪಿ2ಪಿ ಇತ್ತು, ಆನ್ ಮಾಡಿದೆ. ಕಣ ಕಾಣ್ತಿದೆ. ಕಾಫಿ ಕಳ್ಳ ಬಂದರೆ ನೋಡಬಹುದು. ಆನೆ ಬಂದರೂ ನೋಡಬಹುದು, ನೋಡೋದು ಬಿಟ್ಟು ಬೇರೇನೂ ಮಾಡಕ್ಕಾಗಲ್ಲ.

ಕುಟ್ಟ_ಬಾರ್ಡರ್
ಕೈಯಿಂದ ನೆಟ್‌ವರ್ಕ್ ಆರಿಸಿದೆ, ವಿಪಿಎನ್ ಈಗ ಬೀಳ್ತಿಲ್ಲ. ಈಗ ಕೇರಳದ ಟವರ್ ಹಿಡಿದಿರೋದರಿಂದ ಯೂಟ್ಯೂಬ್ ಪೂರ್ತಿ ಮಲಯಾಳಂ ಜಾಹೀರಾತು.

ಅಮ್ಮತ್ತಿ_ಕರಿಮೆಣಸು
ಟವರ್ ಅಣ್ಣ, ನಮ್ಮ ಮನೆಗೂ ಒಂದು ಸಲ ಬಂದು ಹೋಗಿ. ಸುತ್ತು ಹಾಕಿ ಹಾಕಿ ಎಲ್ಲ ಕಡೆ -118 ಬರ್ತಿದೆ. ದನದ ಹಟ್ಟಿಯ ಹಿಂದೆ ಮಾತ್ರ -99.

ಟವರ್_ಹತ್ತಿದವ
ಹಾಗಾದರೆ ಹಟ್ಟಿಯ ಹಿಂದೆ ಒಂದು ಗಟ್ಟಿ ಕಂಬ ನೆಡಿ. ವಕೀಲರು ಹೇಳಿದ ಆಂಟೆನಾ ಅಲ್ಲಿಗೆ. ರೂಟರ್ ಹಟ್ಟಿಯೊಳಗೆ, ಮಳೆ ತಾಗದ ಕಡೆ. ಆಂಟೆನಾ ಕೇಬಲ್ ಆದಷ್ಟು ಗಿಡ್ಡ ಇರಲಿ, ಉದ್ದ ಮಾಡಿದರೆ ಹಿಡಿದ ಸಿಗ್ನಲ್ ಕೇಬಲ್‌ನಲ್ಲೇ ಹೋಗಿಬಿಡುತ್ತೆ. ಮನೆಗೆ ಅಲ್ಲಿಂದ ಲ್ಯಾನ್ ಕೇಬಲ್ ಎಳೆಯಿರಿ, ಅದು 100 ಮೀಟರ್ ತನಕ ಓಡುತ್ತೆ. ಹಸು ಕಚ್ಚದ ಹಾಗೆ ಪೈಪ್ ಒಳಗೆ ಹಾಕಿ. ಗುಡುಗು ಬಂದರೆ ರೂಟರ್‌ನ ಪ್ಲಗ್ ಜೊತೆಗೆ ಲ್ಯಾನ್ ಕೇಬಲನ್ನೂ ಕಿತ್ತಿಡಿ.

ಅಮ್ಮತ್ತಿ_ಕರಿಮೆಣಸು
ಲ್ಯಾನ್ ಕೇಬಲ್ ಮೀಟರಿಗೆ ಎಷ್ಟು? ಕುಶಾಲನಗರದವರೇ, ನಿಮ್ಮ ಅಂಗಡಿಯಲ್ಲಿ ಉಂಟಾ?

ಕುಶಾಲನಗರ_ಕೇಬಲ್
ಉಂಟು. ಇನ್‌ಬಾಕ್ಸ್‌ಗೆ ಬನ್ನಿ. ಹೊರಗೆ ಹಾಕುವ ಕಪ್ಪು ಕೇಬಲ್ಲೇ ತಗೊಳ್ಳಿ, ಒಳಗಿನದ್ದು ಒಂದು ಮಳೆಗಾಲ ತಡೆಯಲ್ಲ.